ಎರಡೂ ಸೊಂಟ ಒಂದೇ ಸಲ ಮಾಡಿಸಬಹುದಾ? ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಸಚಿವರು, ಕರ್ನಾಟಕ ಸರ್ಕಾರ
ಹಾಗೂ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನ ಅಧಿಕಾರಿಗಳು, ಬೆಂಗಳೂರು

ಮಾನ್ಯರೇ,

ನಾನು ಶಿವಮೊಗ್ಗ ಜಿಲ್ಲೆಯಲ್ಲಿ ಫಿಸಿಯೋಥೆರಪಿ ಮಾಡುವವಳು. ಆಪರೇಷನ್ ಮಾಡುವುದು ಡಾಕ್ಟರು. ಅದಾದ ಮೇಲೆ ರೋಗಿಯನ್ನು ಹಾಸಿಗೆಯಿಂದ ಎಬ್ಬಿಸಿ, ಕೈಗೆ ವಾಕರ್ ಕೊಟ್ಟು, ಬಚ್ಚಲಮನೆ ತನಕ ನಡೆಸಿಕೊಂಡು ಹೋಗುವುದು ನನ್ನ ಕೆಲಸ. ಸೊಂಟದ ಕೀಲು ಹಾಳಾಗಿ ಅದನ್ನು ತೆಗೆದು ಕೃತಕ ಕೀಲು ಹಾಕಿಸಬೇಕಾದವರು, ಅವರ ಮನೆಯವರು ಈಗೀಗ ಜಾಸ್ತಿ ಕೇಳುವುದು ಒಂದೇ ಮಾತು. "ಮೇಡಂ, ಎರಡೂ ಕಡೆ ಒಂದೇ ಸಲ ಮಾಡಿಸಿಬಿಡಬಹುದಾ? ಜೀವಕ್ಕೇನೂ ತೊಂದರೆ ಇಲ್ಲ ಅಲ್ವಾ?"

ಡಾಕ್ಟರನ್ನೇ ಕೇಳಿ ಅಂತ ಕಳಿಸುತ್ತೇನೆ. ಅವರು ತರುವ ಉತ್ತರ ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು. ಒಂದು ಕಡೆ, "ಬೇಡವೇ ಬೇಡ, ಈಗ ಒಂದು ಕಡೆ ಮಾಡಿಸಿ, ಮೂರು ತಿಂಗಳು ಬಿಟ್ಟು ಬನ್ನಿ." ಇನ್ನೊಂದು ಕಡೆ, "ಒಂದೇ ಸಲ ಮುಗಿಸೋಣ, ಖರ್ಚೂ ಕಮ್ಮಿ." ಇಬ್ಬರೂ ಓದಿದವರೇ, ಇಬ್ಬರ ಮಾತಿಗೂ ಆಧಾರ ಇದೆ. ಆದರೆ ಕರ್ನಾಟಕದಲ್ಲಿ ಹೀಗೆ ಎರಡೂ ಕಡೆ ಒಟ್ಟಿಗೆ ಮಾಡಿಸಿಕೊಂಡವರು ಆಮೇಲೆ ಹೇಗಿದ್ದಾರೆ ಅಂತ ಜನ ತೆಗೆದು ನೋಡಬಹುದಾದ ಲೆಕ್ಕವೇ ಇಲ್ಲ.

ಇದನ್ನು ನಿಲ್ಲಿಸಿ ಅಂತ ನಾನು ಕೇಳುತ್ತಿಲ್ಲ. ಕೇಳಿದವರಿಗೆಲ್ಲ ಮಾಡಿಕೊಡಿ ಅಂತಲೂ ಹೇಳುತ್ತಿಲ್ಲ. ಯಾರಿಗೆ, ಎಂಥ ಆಸ್ಪತ್ರೆಯಲ್ಲಿ, ಏನು ತಯಾರಿ ಇಟ್ಟುಕೊಂಡು ಮಾಡಬಹುದು ಅಂತ ಸರ್ಕಾರ ಬರೆದು ಇಡಲಿ. ಮಾಡಿದ ಮೇಲೆ ಏನಾಯಿತು ಅಂತ ಎಣಿಸಲಿ. ಇಷ್ಟೇ ನನ್ನ ಬೇಡಿಕೆ.

ಮೊದಲು, ಇದು ಯಾರ ಪ್ರಶ್ನೆ ಅಂತ ಹೇಳುತ್ತೇನೆ. ಸೊಂಟದ ಕೀಲು ಬದಲಿಸುವುದು ಅಂದರೆ ವಯಸ್ಸಾದವರಿಗೆ ಅಂತ ಅನೇಕರು ತಿಳಿದಿದ್ದಾರೆ. ಯುರೋಪ್, ಅಮೆರಿಕದಲ್ಲಿ ಬಹುಪಾಲು ಹಾಗೇ. ನನ್ನ ಹತ್ತಿರ ಬರುವವರಲ್ಲಿ ಎಷ್ಟೋ ಜನ ಮೂವತ್ತು, ನಲವತ್ತರವರು. ದುಡಿದು ಮನೆ ನಡೆಸುವವರು. ತೊಡೆಮೂಳೆಯ ದುಂಡು ತುದಿಗೆ ರಕ್ತ ಹೋಗುವುದು ನಿಂತು ಮೂಳೆ ಸಾಯುತ್ತದೆ, ಕುಸಿಯುತ್ತದೆ. ಆಸ್ಪತ್ರೆಯಲ್ಲಿ ಎವಿಎನ್ ಅನ್ನುತ್ತಾರೆ. ಜಾಸ್ತಿ ಕುಡಿತದಿಂದ ಬರುತ್ತದೆ. ಸ್ಟೀರಾಯ್ಡ್ ಔಷಧಿಯಿಂದಲೂ ಬರುತ್ತದೆ. ಕೋವಿಡ್ ಹೊತ್ತಿನಲ್ಲಿ ಸ್ಟೀರಾಯ್ಡ್ ತೆಗೆದುಕೊಂಡು ಬದುಕಿ ಬಂದ ಕೆಲವರು ಆಮೇಲೆ ಕುಂಟುತ್ತಾ ಬಂದರು. ಈ ಕಾಯಿಲೆ ಬಹಳ ಸಲ ಒಂದು ಕಡೆಗೆ ನಿಲ್ಲುವುದಿಲ್ಲ, ಇನ್ನೊಂದು ಸೊಂಟಕ್ಕೂ ಬರುತ್ತದೆ. ಬೆನ್ನುಮೂಳೆ, ಕೀಲುಗಳು ಬರಬರುತ್ತಾ ಬಿಗಿದು ಗಟ್ಟಿಯಾಗುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಕಾಯಿಲೆ ಇರುವ ಹುಡುಗರಲ್ಲೂ ಎರಡೂ ಸೊಂಟ ಬಿಗಿದುಹೋಗುವುದುಂಟು. ಮೈಸೂರು, ಚಾಮರಾಜನಗರ, ಕೊಡಗಿನ ಕಾಡಂಚಿನ ಬುಡಕಟ್ಟು ಜನರಲ್ಲಿ ಸಿಕಲ್ ಸೆಲ್ ಎಂಬ, ವಂಶದಲ್ಲಿ ಬರುವ ರಕ್ತದ ಕಾಯಿಲೆ ಇದೆ. ಅದೂ ಸೊಂಟದ ಮೂಳೆಯನ್ನು ತಿನ್ನುತ್ತದೆ.

ನಮ್ಮ ಜಿಲ್ಲೆಯಲ್ಲಿ ಇದೆಲ್ಲಕ್ಕಿಂತ ಹಳೆಯ ಕಥೆ ಒಂದಿದೆ. ಸಾಗರ ತಾಲ್ಲೂಕಿನ ಹಂದಿಗೋಡು ಗೊತ್ತಲ್ಲ? 1970ರ ದಶಕದ ಮಧ್ಯದಲ್ಲಿ ಆ ಊರಿನ ಹೆಸರಲ್ಲೇ ಒಂದು ಕಾಯಿಲೆ ಹೊರಜಗತ್ತಿಗೆ ತಿಳಿಯಿತು. ಗದ್ದೆಯ ಏಡಿ ತಿಂದದ್ದಕ್ಕೆ ಹೀಗಾಯಿತು ಅಂತ ಆಗ ಜನ ಮಾತಾಡಿಕೊಂಡರು. ವಂಶದಲ್ಲಿ ಬರುವ ಮೂಳೆ ಕಾಯಿಲೆ ಅಂತ ಆಮೇಲೆ ಗೊತ್ತಾಯಿತು. ಹೆಚ್ಚಾಗಿ ಪೆಟ್ಟು ತಿಂದವರು ದಲಿತ ಕುಟುಂಬಗಳು. ಎರಡೂ ಸೊಂಟ ಸವೆದು, ಕೈಯೂರಿಕೊಂಡು ತೆವಳುವ ಸ್ಥಿತಿಗೆ ಬಂದವರು ಅವರಲ್ಲಿದ್ದಾರೆ. ಎಷ್ಟೋ ತಂಡಗಳು ಬಂದವು, ರಕ್ತ ತೆಗೆದುಕೊಂಡು ಹೋದವು, ವರದಿ ಬರೆದವು. ಎರಡೂ ಸೊಂಟದ ಪ್ರಶ್ನೆ ಬಂದಾಗ ನನಗೆ ಮೊದಲು ನೆನಪಾಗುವುದು ಈ ಮನೆಗಳು.

ಇನ್ನು ಅಪಾಯದ ಮಾತು. ಇವತ್ತಿನ ರೂಪದ ಸೊಂಟದ ಕೀಲನ್ನು ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ 1962ರಲ್ಲಿ ನೆಲೆಗೆ ತಂದರು. ಒಂದೇ ಆಪರೇಷನ್ನಿನಲ್ಲಿ ಎರಡೂ ಸೊಂಟ ಬದಲಿಸಿದ 50 ಪ್ರಕರಣಗಳ ವರದಿಯನ್ನು ಜ್ಯಾಫ್ ಎಂಬ ಡಾಕ್ಟರ ಜೊತೆ ಅವರೇ 1971ರಲ್ಲಿ ಬರೆದರು. ಅಂದರೆ ಇದು ನಿನ್ನೆ ಮೊನ್ನೆಯ ಪ್ರಯೋಗ ಅಲ್ಲ. ಆದರೂ ಅರ್ಧ ಶತಮಾನದಿಂದ ವಾದ ಮುಗಿದಿಲ್ಲ. ಕಾರಣ ತಿಳಿಯಬೇಕಾದರೆ ಆ ಟೇಬಲ್ ಮೇಲೆ ಏನಾಗುತ್ತದೆ ಅಂತ ನೋಡಬೇಕು.

ಸವೆದ ದುಂಡು ತುದಿಯನ್ನು ಕತ್ತರಿಸಿ ತೆಗೆಯುತ್ತಾರೆ. ಅದು ಕೂರುವ ಗುಳಿಯನ್ನು ಕೆರೆದು ಕಪ್ ಕೂರಿಸುತ್ತಾರೆ. ಆಮೇಲೆ ತೊಡೆಮೂಳೆಯ ಟೊಳ್ಳಿನಲ್ಲಿ ಸುತ್ತಿಗೆಯಿಂದ ಬಡಿದು ಜಾಗ ಮಾಡಿ ಉದ್ದನೆಯ ಲೋಹದ ಸ್ಟೆಮ್ ಇಳಿಸುತ್ತಾರೆ. ಹಾಗೆ ಬಡಿಯುವಾಗ ಮೂಳೆಯೊಳಗಿನ ಮಜ್ಜೆ, ಕೊಬ್ಬು ಒತ್ತಡಕ್ಕೆ ರಕ್ತನಾಳ ಸೇರಿ ಶ್ವಾಸಕೋಶಕ್ಕೆ ಹೋಗುತ್ತದೆ. ಸಿಮೆಂಟ್ ತುಂಬಿ ಒತ್ತಿದಾಗ ಇದು ಇನ್ನೂ ಜಾಸ್ತಿ. ಗಟ್ಟಿ ಹೃದಯ, ಶ್ವಾಸಕೋಶ ಇದ್ದವರಿಗೆ ಬಹುತೇಕ ಗೊತ್ತೇ ಆಗುವುದಿಲ್ಲ. ಗಂಟೆ ಎರಡು ಗಂಟೆಯೊಳಗೆ ಎರಡನೇ ಕಾಲಿನದ್ದೂ ಬಂದು ಸೇರಿದಾಗ, ಮೊದಲೇ ಬಳಲಿದ ಶ್ವಾಸಕೋಶಕ್ಕೆ ತಡೆಯುವುದು ಕಷ್ಟ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಬಿಪಿ ಕುಸಿಯುತ್ತದೆ.

ರಕ್ತ ಹೋಗುವುದೂ ಎರಡರಷ್ಟು. ರಕ್ತ ಸೋರುವುದನ್ನು ಕಮ್ಮಿ ಮಾಡುವ ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಅಗ್ಗದ ಔಷಧಿ ಬಂದ ಮೇಲೆ ಈ ಭಯ ಎಷ್ಟೋ ಕಮ್ಮಿಯಾಗಿದೆ. ಆದರೂ ರಕ್ತ ಕೊಡಬೇಕಾಗುವ ಸಾಧ್ಯತೆ ಒಂದು ಕಡೆ ಮಾಡಿದ್ದಕ್ಕಿಂತ ಜಾಸ್ತಿಯೇ. ಮಗ್ಗುಲಾಗಿ ಮಲಗಿಸಿ ಮಾಡುವ ಕಡೆ, ಮೊದಲ ಸೊಂಟ ಮುಗಿದ ಮೇಲೆ ರೋಗಿಯನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿ, ಮತ್ತೆ ಚರ್ಮ ತೊಳೆದು, ಹೊಸ ಬಟ್ಟೆ ಹೊದಿಸಿ ಶುರು ಮಾಡಬೇಕು. ಈಗಷ್ಟೇ ಹೊಲಿದ ಸೊಂಟದ ಮೇಲೆ ಭಾರ ಬಿಟ್ಟು ಮಲಗಿಸುವುದು ಅಂದರೆ ತಮಾಷೆ ಅಲ್ಲ. ಬೆನ್ನಿಗೆ ಕೊಟ್ಟ ಅರಿವಳಿಕೆ ಇಂಜೆಕ್ಷನ್ನಿನ (ಸ್ಪೈನಲ್) ಪ್ರಭಾವ ಅಷ್ಟು ಹೊತ್ತು ನಿಲ್ಲದಿದ್ದರೆ ಅದಕ್ಕೂ ಬೇರೆ ವ್ಯವಸ್ಥೆ ಇರಬೇಕು.

ಹಾಗಾದರೆ ಅಧ್ಯಯನಗಳು ಏನು ಹೇಳುತ್ತವೆ? ವಯಸ್ಸು ಕಮ್ಮಿ ಇದ್ದು, ಹೃದಯ, ಶ್ವಾಸಕೋಶ, ಕಿಡ್ನಿ ಚೆನ್ನಾಗಿದ್ದು, ಸಕ್ಕರೆ ಹಿಡಿತದಲ್ಲಿದ್ದರೆ, ಒಂದೇ ಸಲ ಮಾಡಿದವರಿಗೂ ಎರಡು ಸಲ ಮಾಡಿದವರಿಗೂ ದೊಡ್ಡ ತೊಂದರೆಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ ಅಂತ ಬಹಳಷ್ಟು ವರದಿಗಳು ಹೇಳುತ್ತವೆ. ಆಸ್ಪತ್ರೆಯಲ್ಲಿ ಕಳೆಯುವ ಒಟ್ಟು ದಿನ, ಒಟ್ಟು ಖರ್ಚು ಎರಡೂ ಇಳಿಯುತ್ತವೆ. ಇದು ಒಳ್ಳೆ ಸುದ್ದಿಯೇ. ಆದರೆ ಆ ವರದಿ ಬರೆದವರು ಯಾರು? ವರ್ಷಕ್ಕೆ ನೂರಾರು ಸೊಂಟ ಮಾಡುವ ದೊಡ್ಡ ಕೇಂದ್ರಗಳವರು. ಒಟ್ಟಿಗೆ ಮಾಡಲು ಆರಿಸಿಕೊಂಡದ್ದೂ ಗಟ್ಟಿಮುಟ್ಟಾದ ರೋಗಿಗಳನ್ನೇ. ತಿಂಗಳಿಗೆ ಒಂದೆರಡು ಸೊಂಟ ಮಾಡುವ, ಐಸಿಯು ಹಾಸಿಗೆಗೆ ಪಕ್ಕದ ಊರಿಗೆ ಓಡಬೇಕಾದ ಆಸ್ಪತ್ರೆ ಅದೇ ವರದಿ ತೋರಿಸಿ "ಏನೂ ಆಗಲ್ಲ" ಅಂದರೆ ಅದು ಸರಿಯಲ್ಲ. "ನಮ್ಮತ್ತೆಗೆ ಎರಡೂ ಮಂಡಿ ಒಟ್ಟಿಗೆ ಮಾಡಿದ್ರು, ಇದೂ ಹಾಗೇ ಅಲ್ವಾ" ಅಂತ ಕೇಳುವವರೂ ಇದ್ದಾರೆ. ಅಲ್ಲ. ಮಂಡಿಯ ಲೆಕ್ಕ ಬೇರೆ, ಅದರ ಅಪಾಯ ಬೇರೆ. ಒಂದನ್ನು ನೋಡಿ ಇನ್ನೊಂದನ್ನು ನಿರ್ಧಾರ ಮಾಡುವ ಹಾಗಿಲ್ಲ.

ಒಟ್ಟಿಗೆ ಮಾಡಲೇಬೇಕಾದವರೂ ಇದ್ದಾರೆ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇದ್ದ ಒಬ್ಬ ಹುಡುಗ, ಮೊಬೈಲ್ ರಿಪೇರಿ ಅಂಗಡಿಯವನು. ಎರಡೂ ಸೊಂಟ ಮಡಚಿದ ಸ್ಥಿತಿಯಲ್ಲೇ ಗಟ್ಟಿಯಾಗಿದ್ದವು. ಕೂರಲೂ ಆಗದು, ನೆಟ್ಟಗೆ ನಿಲ್ಲಲೂ ಆಗದು. ಎತ್ತರದ ಸ್ಟೂಲಿನ ತುದಿಗೆ ಒರಗಿಕೊಂಡು ಕೆಲಸ ಮಾಡುತ್ತಿದ್ದ. ತಂತಿಯನ್ನು ಕೊಕ್ಕೆ ಮಾಡಿ ಅದರಿಂದ ಪ್ಯಾಂಟ್ ಎಳೆದು ಹಾಕಿಕೊಳ್ಳುತ್ತಿದ್ದ. ಇಂಥವನಿಗೆ ಒಂದೇ ಸೊಂಟ ಮಾಡಿದರೆ ಹೊಸ ಕಾಲು ನೆಟ್ಟಗಾಗುತ್ತದೆ, ಹಳೆ ಕಾಲು ಮಡಚಿಕೊಂಡೇ ಇರುತ್ತದೆ. ಹಳೇ ಕಾಲು ಹೊಸ ಕಾಲನ್ನು ನಡೆಯಲು ಬಿಡುವುದಿಲ್ಲ. ಮೂರು ತಿಂಗಳು ಹಾಗೇ ಇದ್ದರೆ ಮೊದಲ ಆಪರೇಷನ್ನಿನ ಲಾಭವೂ ಅರ್ಧ ಹೋಗುತ್ತದೆ. ಬೆನ್ನು ಬಿಗಿದಿದ್ದಕ್ಕೆ ಸ್ಪೈನಲ್ ಸೂಜಿ ಹೋಗುವುದು ಅನುಮಾನ ಇತ್ತು. ಕತ್ತು ಬಾಗದಿದ್ದಕ್ಕೆ ಉಸಿರಿನ ಟ್ಯೂಬ್ ಹಾಕುವುದೂ ಕಷ್ಟ. ಹೀಗಿರುವವನಿಗೆ ಅರಿವಳಿಕೆಯನ್ನು ಎರಡು ಸಲ ಕೊಡುವುದಕ್ಕಿಂತ, ತಯಾರಿ ಇರುವ ಕಡೆ ಒಂದೇ ಸಲ ಕೊಡುವುದು ವಾಸಿ. ಅವನಿಗೆ ಒಟ್ಟಿಗೇ ಮಾಡಿದರು. ಎದ್ದು ನಿಂತಾಗ ಹಳೆ ಪ್ಯಾಂಟುಗಳೆಲ್ಲ ಕಣಕಾಲಿನ ಮೇಲೆ ನಿಂತವು. ಅವನ ಅಮ್ಮ ಅದನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು.

ಇದೇ ಹೊತ್ತಿಗೆ ಇನ್ನೊಂದು ಮನೆಯಲ್ಲಿ ಬೇರೆಯದೇ ಆಯಿತು. ಅರವತ್ತು ದಾಟಿದ ಹೆಂಗಸು, ಸಕ್ಕರೆ ಕಾಯಿಲೆ, ಬಿಪಿ. ಒಂದು ಆಸ್ಪತ್ರೆಯಲ್ಲಿ ಎರಡೂ ಕಡೆಗೆ ಸೇರಿಸಿ ಒಂದು ದರ ಹೇಳಿದ್ದರು. ಮೊದಲ ಸೊಂಟ ಮುಗಿಯುವ ಹೊತ್ತಿಗೆ ಬಿಪಿ ನಿಲ್ಲಲಿಲ್ಲ, ಆಮ್ಲಜನಕ ಇಳಿಯಿತು. ಅರಿವಳಿಕೆ ಡಾಕ್ಟರು ಸಾಕು ಅಂದರು. ಇನ್ನೊಂದು ಕಡೆ ಮುಟ್ಟದೆ ಐಸಿಯುಗೆ ಕಳಿಸಿದರು. ನನ್ನ ಪ್ರಕಾರ ಆವತ್ತು ಅಲ್ಲಿ ನಡೆದ ಅತ್ಯಂತ ಸರಿಯಾದ ಕೆಲಸ ಅದು. ಆದರೆ ಹೊರಗೆ ಕೂತ ಮಕ್ಕಳಿಗೆ ಹೀಗೂ ಆಗಬಹುದು ಅಂತ ಯಾರೂ ಹೇಳಿರಲಿಲ್ಲ. "ಎರಡಕ್ಕೆ ದುಡ್ಡು ತಗೊಂಡು ಒಂದೇ ಮಾಡಿದ್ರಾ?" ಅಂತ ಗಲಾಟೆ ಆಯಿತು. ಜೀವ ಉಳಿಸಿದ ಡಾಕ್ಟರು ಬೈಸಿಕೊಂಡರು. ಮುಂದಿನ ಸಲ ಅಂಥದ್ದೇ ಹೊತ್ತಿನಲ್ಲಿ ಅವರಿಗೆ ಸಾಕು ಅನ್ನಲು ಬಾಯಿ ಬರುತ್ತದಾ?

ಅದಕ್ಕೇ ಸಚಿವರೇ, ನಿಮ್ಮ ನಿಯಮದಲ್ಲಿ ಮೊದಲು ಬರೆಯಬೇಕಾದ್ದು ಇದು. ಮೊದಲ ಸೊಂಟ ಮುಗಿದ ಮೇಲೆ ಮುಂದುವರಿಯಬೇಕೋ ಬೇಡವೋ ಅನ್ನುವ ಕೊನೇ ಮಾತು ಅರಿವಳಿಕೆ ಡಾಕ್ಟರದ್ದು. ಸರ್ಜನ್ನರದ್ದಲ್ಲ, ಆಸ್ಪತ್ರೆ ಮಾಲೀಕರದ್ದಂತೂ ಅಲ್ಲವೇ ಅಲ್ಲ. ಒಪ್ಪಿಗೆ ಪತ್ರದಲ್ಲಿ "ಎರಡನೇ ಕಡೆಯನ್ನು ಆ ದಿನ ಮಾಡದೆ ಬಿಡಬಹುದು" ಅನ್ನುವ ಸಾಲು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಇರಲಿ. ಅದನ್ನು ಹಿಂದಿನ ದಿನವೇ ಓದಿ ಹೇಳಲಿ. ಟೇಬಲ್ಲಿಗೆ ಹೋಗುವ ಮುಂಚೆ ಹೃದಯದ ಎಕೋ, ಮೂರು ತಿಂಗಳ ಸಕ್ಕರೆಯ ಸರಾಸರಿ ಪರೀಕ್ಷೆ ಆಗಿರಲಿ. ರಕ್ತ ಅದೇ ಕಟ್ಟಡದಲ್ಲಿ ಸಿದ್ಧ ಇರಲಿ. ಐಸಿಯು ಹಾಸಿಗೆ ಖಾಲಿ ಇಟ್ಟಿರಲಿ. ಇವು ಇಲ್ಲದ ಕಡೆ ಒಂದೊಂದೇ ಮಾಡಲಿ, ಅದರಲ್ಲಿ ಅವಮಾನ ಏನಿಲ್ಲ.

ಈಗ ದುಡ್ಡಿನ ವಿಷಯ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಿಂದ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜಿನ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಎಷ್ಟೋ ಮನೆಗಳ ಗಂಡಸರು ಇವತ್ತು ನಡೆಯುತ್ತಿರುವುದು ಇದರಿಂದಲೇ. ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಆಯುಷ್ಮಾನ್ ಭಾರತ್‌ನ ಸಾಮಾನ್ಯ ನಿಯಮ ಏನು? ಒಂದೇ ಸಲಕ್ಕೆ ಎರಡು ಆಪರೇಷನ್ ಮಾಡಿದರೆ ಮೊದಲನೆಯದಕ್ಕೆ ಪೂರ್ತಿ ದರ, ಎರಡನೆಯದಕ್ಕೆ ಅರ್ಧ. ಎರಡನೇ ಸೊಂಟಕ್ಕೂ ಪೂರ್ತಿ ಒಂದು ಸೆಟ್ ಇಂಪ್ಲಾಂಟ್, ಅಂದರೆ ಒಳಗೆ ಕೂರಿಸುವ ಕೃತಕ ಕೀಲಿನ ಭಾಗಗಳು ಬೇಕು, ಅರ್ಧ ಸೆಟ್ ಹಾಕಲು ಬರುವುದಿಲ್ಲ. ಹೀಗಾದಾಗ ಒಟ್ಟಿಗೆ ಮಾಡಿದರೆ ಒಳ್ಳೆಯದಾಗುವ ರೋಗಿಯನ್ನೂ "ಮೂರು ತಿಂಗಳು ಬಿಟ್ಟು ಬನ್ನಿ" ಅಂತ ಕಳಿಸುವ ಆಸೆ ಆಸ್ಪತ್ರೆಗೆ ಬರುವುದು ಸಹಜ. ಕೈಯಿಂದ ದುಡ್ಡು ಕಟ್ಟುವವರ ಕಡೆ ಇದು ತಿರುಗಾಮುರುಗಾ. ಅಲ್ಲಿ "ಎರಡಕ್ಕೂ ಸೇರಿ ಇಷ್ಟೇ" ಅನ್ನುವ ರಿಯಾಯಿತಿಯ ಆಸೆಗೆ, ಬೇಡದವರೂ ಟೇಬಲ್ ಏರುತ್ತಾರೆ. ಎರಡು ಕಡೆಯೂ ನಿರ್ಧಾರ ಮಾಡುತ್ತಿರುವುದು ರೇಟು. ಈ ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನವರು ಎರಡೂ ಸೊಂಟಕ್ಕೆ ಪ್ರತ್ಯೇಕ ಪ್ಯಾಕೇಜ್ ಮಾಡಿ, ಇಂಪ್ಲಾಂಟಿನ ಪೂರ್ತಿ ಬೆಲೆ, ಐಸಿಯು ದಿನ, ರಕ್ತ ಎಲ್ಲ ಸೇರಿಸಿ ದರ ಕಟ್ಟಲಿ. ಮಧ್ಯದಲ್ಲಿ ನಿಲ್ಲಿಸಿದರೆ, ಎರಡನೇ ಕಡೆಯನ್ನು ಆಮೇಲೆ ಮಾಡಲು ಹೊಸ ರೆಫರಲ್ ಪತ್ರಕ್ಕೆ ಅಲೆಸಬೇಡಿ.

ಸರ್ಜನ್ನರಿಗೂ ನಿಮಗೂ ಕಾಣದ ಭಾಗ ಒಂದಿದೆ. ಅದು ಮನೆ. ಒಂದು ಸೊಂಟ ಮಾಡಿಸಿಕೊಂಡವರಿಗೆ ಊರಿ ಏಳಲು ಇನ್ನೊಂದು ಕಾಲಿರುತ್ತದೆ. ಎರಡೂ ಮಾಡಿಸಿಕೊಂಡವರಿಗೆ ಕೈಯೇ ಗತಿ. ತೋಳಲ್ಲಿ ಶಕ್ತಿ ಇಲ್ಲದಿದ್ದರೆ ಮೊದಲ ವಾರ ನರಕ. ಕೀಲು ಜಾರಬಾರದು ಅಂತ ಕೆಳಗೆ ಕೂರುವ ಹಾಗಿಲ್ಲ, ಚಕ್ಕಂಬಕ್ಕಳ ಹಾಕುವ ಹಾಗಿಲ್ಲ, ಕುಕ್ಕರಗಾಲಲ್ಲಿ ಕೂರುವ ಹಾಗಿಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇರುವುದು ಕುಕ್ಕರಗಾಲಲ್ಲೇ ಕೂರಬೇಕಾದ ಹಳೇ ಕಾಲದ ಪಾಯಿಖಾನೆ. ಅದೂ ಅಂಗಳ ದಾಟಿ, ಎರಡು ಮೆಟ್ಟಿಲು ಹತ್ತಿ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದ ಮೇಲೆ ವಾಕರ್ ಹಿಡಿದು ಹೋಗುವುದನ್ನು ಊಹಿಸಿಕೊಳ್ಳಿ. ಒಂದು ಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮಧ್ಯ ಗರಗಸದಲ್ಲಿ ಕೊಯ್ದು ಕಮೋಡ್ ಮಾಡಿದ್ದರು. ಬುದ್ಧಿವಂತಿಕೆ ನಿಜ, ಆದರೆ ಕುರ್ಚಿ ಎತ್ತರ ಕಮ್ಮಿ. ಏಳುವಾಗ ಸೊಂಟ ಪೂರ್ತಿ ಮಡಚುತ್ತಿತ್ತು. ನಾನು ಹೋದ ದಿನವೇ ನಾಲ್ಕು ಕಾಲಿಗೂ ಹಲಗೆ ತುಂಡು ಕೊಟ್ಟು ಎತ್ತರಿಸಿ, ಅಲ್ಲಾಡದ ಹಾಗೆ ಗೋಡೆಗೆ ಒತ್ತಿಸಿ ಇಟ್ಟೆವು. ಅಷ್ಟು ದೊಡ್ಡ ಆಪರೇಷನ್ನಿಗೆ ದುಡ್ಡು ಕೊಡುವ ಸರ್ಕಾರಕ್ಕೆ ಒಂದು ಕಮೋಡ್ ಚೇರು, ಒಂದು ವಾಕರ್ ಭಾರವಾಗುತ್ತದಾ? ಮೊದಲ ತಿಂಗಳಲ್ಲಿ ವಾರಕ್ಕೆರಡು ಸಲ ಫಿಸಿಯೋಥೆರಪಿ ಭೇಟಿಯನ್ನೂ ಪ್ಯಾಕೇಜಿಗೆ ಸೇರಿಸಿ. ಡಿಸ್ಚಾರ್ಜ್ ಮಾಡುವ ಮುಂಚೆ "ಮನೆಯಲ್ಲಿ ಪಾಯಿಖಾನೆ ಎಂಥದ್ದು?" ಅಂತ ಕೇಳುವ ಒಂದು ಪ್ರಶ್ನೆ ಫಾರಂನಲ್ಲಿರಲಿ.

ಕೊನೆಗೆ, ಎಣಿಕೆ. ಸ್ವೀಡನ್ನಿನವರು ತಮ್ಮ ದೇಶದಲ್ಲಿ ಹಾಕಿದ ಸೊಂಟಗಳನ್ನು 1979ರಿಂದ ಲೆಕ್ಕ ಇಡುತ್ತಿದ್ದಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನವರು 2003ರಲ್ಲಿ ಶುರು ಮಾಡಿದರು. ಅಲ್ಲಿನ ನಾಲ್ಕು ಲಕ್ಷಕ್ಕೂ ಹೆಚ್ಚು ಆಪರೇಷನ್ನುಗಳ ಲೆಕ್ಕ ತೆಗೆದಾಗ, 90 ದಿನದೊಳಗೆ ಸತ್ತವರ ಪ್ರಮಾಣ 2003ರಲ್ಲಿ ಶೇ 0.56 ಇದ್ದದ್ದು 2011ಕ್ಕೆ ಶೇ 0.29ಕ್ಕೆ ಇಳಿದದ್ದು ಕಂಡಿತು. ಎಣಿಸಿದ್ದರಿಂದ ಕಂಡಿತು. ಸ್ಪೈನಲ್ ಕೊಟ್ಟವರಲ್ಲಿ, ರಕ್ತ ಹೆಪ್ಪುಗಟ್ಟದ ಹಾಗೆ ಔಷಧಿ ಕೊಟ್ಟವರಲ್ಲಿ ಸಾವು ಕಮ್ಮಿ ಅನ್ನುವುದೂ ಅದೇ ಲೆಕ್ಕದಿಂದ ಹೊರಬಂತು.

ಎಣಿಸದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ಜಾನ್ಸನ್ ಅಂಡ್ ಜಾನ್ಸನ್‌ಗೆ ಸೇರಿದ ಡಿಪ್ಯೂ ಕಂಪನಿಯ ಎಎಸ್‌ಆರ್ ಎಂಬ ಲೋಹದ ಸೊಂಟ. ಅದು ಬೇಗ ಕೆಡುತ್ತಿದೆ ಅಂತ ಹೀಗೇ ಕೀಲುಗಳ ಲೆಕ್ಕ ಇಡುವ ಆಸ್ಟ್ರೇಲಿಯಾದ ನೋಂದಣಿ ಮೊದಲು ಎಚ್ಚರಿಸಿತು. 2010ರಲ್ಲಿ ಜಗತ್ತಿನಾದ್ಯಂತ ವಾಪಸ್ ತೆಗೆದುಕೊಂಡರು. ಭಾರತದಲ್ಲಿ ಸುಮಾರು 4,700 ಆಪರೇಷನ್ನುಗಳಲ್ಲಿ ಅದನ್ನು ಹಾಕಿದ್ದರು. ವರ್ಷಗಳಾದ ಮೇಲೆ ಕೇಂದ್ರದ ತಜ್ಞರ ಸಮಿತಿ ಹುಡುಕಲು ಹೊರಟಾಗ 3,600ಕ್ಕೂ ಹೆಚ್ಚು ಮಂದಿ ಎಲ್ಲಿದ್ದಾರೆ ಅಂತಲೇ ಗೊತ್ತಿರಲಿಲ್ಲ. ದೇಹದೊಳಗೆ ಕೆಟ್ಟ ಲೋಹ ಇದೆ ಅಂತ ಹೇಳಲು ವಿಳಾಸವೇ ಇರಲಿಲ್ಲ! ದೇಶದ ಸೊಂಟ-ಮಂಡಿ ಸರ್ಜನ್ನರ ಸಂಘ ಒಂದು ನೋಂದಣಿ ನಡೆಸುತ್ತಿದೆ, ಒಳ್ಳೆಯದೇ. ಆದರೆ ಅದು ಡಾಕ್ಟರುಗಳು ಮನಸ್ಸಿದ್ದರೆ ತುಂಬುವಂಥದ್ದು. ಮೂವತ್ತರ ಹುಡುಗನಿಗೆ ಎರಡು ಸೊಂಟ ಹಾಕಿದರೆ ಅವು ಅವನ ಜೊತೆ ದಶಕಗಳ ಕಾಲ ಬದುಕಬೇಕು, ಒಂದಲ್ಲ ಒಂದು ದಿನ ಬದಲಿಸಬೇಕಾಗಿಯೂ ಬರಬಹುದು. ಆವತ್ತು ಬಿಚ್ಚುವ ಡಾಕ್ಟರಿಗೆ ಒಳಗೆ ಯಾವ ಕಂಪನಿಯದು, ಯಾವ ಅಳತೆಯದು ಇದೆ ಅಂತ ತಿಳಿಯಬೇಕು.

ನಿಮ್ಮ ಕೈಯಲ್ಲಿ ಇದಕ್ಕೆ ದಾರಿ ಇದೆ. ಆಸ್ಪತ್ರೆಗೆ ದುಡ್ಡು ಬಿಡುಗಡೆ ಮಾಡುವುದು ನೀವೇ. ಪ್ರತಿ ಇಂಪ್ಲಾಂಟಿನ ಡಬ್ಬಿಯಲ್ಲಿ ಬ್ಯಾಚ್ ನಂಬರಿನ ಸ್ಟಿಕರ್ ಇರುತ್ತದೆ. ಎರಡು ಸೊಂಟ ಅಂದರೆ ಎರಡು ಸೆಟ್ ಸ್ಟಿಕರ್. ಒಂದು ಪ್ರತಿ ರೋಗಿಯ ಡಿಸ್ಚಾರ್ಜ್ ಪತ್ರಕ್ಕೆ, ಇನ್ನೊಂದು ಟ್ರಸ್ಟ್‌ನ ಕಂಪ್ಯೂಟರಿಗೆ. ಅದು ಬರದೆ ಬಿಲ್ ಪಾಸಾಗಬಾರದು. ರೋಗಿಗೆ 30ನೇ ದಿನ ಒಂದು, 90ನೇ ದಿನ ಒಂದು ಫೋನ್ ಮಾಡಿ. ಬದುಕಿದ್ದಾರಾ, ಮತ್ತೆ ಆಸ್ಪತ್ರೆ ಸೇರಿದ್ದರಾ, ಗಾಯ ಸೋರುತ್ತಿದೆಯಾ, ಕೀಲು ಜಾರಿತ್ತಾ, ಎದ್ದು ನಡೆಯುತ್ತಿದ್ದಾರಾ. ಇಷ್ಟು ಕೇಳಲು 104 ಆರೋಗ್ಯ ಸಹಾಯವಾಣಿಯವರೇ ಸಾಕು. ಒಂದು ಕಡೆ ಮಾಡಿದವರದ್ದು, ಎರಡು ಸಲಕ್ಕೆ ಮಾಡಿದವರದ್ದು, ಒಟ್ಟಿಗೆ ಮಾಡಿದವರದ್ದು ಬೇರೆ ಬೇರೆ ಬರೆದು, ವರ್ಷಕ್ಕೊಮ್ಮೆ ಆಸ್ಪತ್ರೆವಾರು ಕನ್ನಡದಲ್ಲಿ ಪ್ರಕಟಿಸಿ. ಕಷ್ಟದ ರೋಗಿಗಳನ್ನು ತೆಗೆದುಕೊಳ್ಳುವ ಸರ್ಕಾರಿ ಆಸ್ಪತ್ರೆಗಳ ಅಂಕಿ ಕೆಟ್ಟದಾಗಿ ಕಾಣುವ ಭಯ ಇದೆ, ಒಪ್ಪುತ್ತೇನೆ. ವಯಸ್ಸು, ಸಕ್ಕರೆ, ಹೃದಯದ ಸ್ಥಿತಿಯನ್ನು ಜೊತೆಗೇ ಬರೆದರೆ ಆ ಅನ್ಯಾಯ ಆಗುವುದಿಲ್ಲ.

ಶುರು ಮಾಡುವುದಾದರೆ ಶಿವಮೊಗ್ಗದಿಂದಲೇ ಮಾಡಿ ಅಂತ ಕೇಳಿಕೊಳ್ಳುತ್ತೇನೆ. ಹಂದಿಗೋಡು ಕಾಯಿಲೆಯ ಕುಟುಂಬಗಳಲ್ಲಿ ಎರಡೂ ಸೊಂಟ ಹೋದವರು ಯಾರು, ಯಾರ ಹೃದಯ-ಶ್ವಾಸಕೋಶ ಒಟ್ಟಿಗೆ ಮಾಡಿಸಿಕೊಳ್ಳುವಷ್ಟು ಗಟ್ಟಿ ಇದೆ, ಯಾರಿಗೆ ಒಂದೊಂದೇ ಮಾಡಬೇಕು ಅಂತ ಒಂದು ತಂಡ ಮನೆಮನೆಗೆ ಬಂದು ನೋಡಲಿ. ಆ ತಂಡದಲ್ಲಿ ಮೂಳೆ ಡಾಕ್ಟರ ಜೊತೆ ಅರಿವಳಿಕೆ ಡಾಕ್ಟರೂ ಇರಲಿ. ಫೋನಿನಲ್ಲಿ ಕೇಳುವ ಪ್ರಶ್ನೆಗಳ ನಮೂನೆ ಬೇಕಿದ್ದರೆ, ಈ ಕೆಲಸದಲ್ಲಿರುವ ನಾವು ನಾಲ್ಕು ಜನ ಸೇರಿ ಬರೆದುಕೊಡುತ್ತೇವೆ. ಒಂದು ಪುಟ ಸಾಕು.

ಇಂತಿ ತಮ್ಮ ವಿಶ್ವಾಸಿ,
ಶಿವಮೊಗ್ಗ ಜಿಲ್ಲೆಯ ಒಬ್ಬ ಫಿಸಿಯೋಥೆರಪಿಸ್ಟ್